ಕಟ್ಟಿ ಮುಗಿದ ಸೇತುವೆಯ ಮುಗಿಯದ ಕೆಲಸ

ಸೇತುವೆಯೊಂದರ ಉದ್ಘಾಟನೆ ನಡೆದ ಮರುದಿನ ಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಉದ್ದ; ಅನಂತರ ಅದಕ್ಕೆ ತಗುಲಿದ ವೆಚ್ಚ; ಆಮೇಲೆ ಶಿಲಾಫಲಕದ ಮೇಲಣ ಪರದೆಯನ್ನು ಸರಿಸಿದ ಮಹನೀಯರ ಬಿರುದುಬಾವಲಿಗಳು. ಆ ಸೇತುವೆಯನ್ನು ಇನ್ನು ಮುಂದೆ ವರ್ಷವರ್ಷವೂ ಪರೀಕ್ಷಿಸತಕ್ಕವರು ಯಾರು, ಅದರ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದಕ್ಕೆ ಹಣ ಎಲ್ಲಿಂದ ಬರತಕ್ಕದ್ದು, ಅದು ಎಷ್ಟು ಭಾರವನ್ನು ಹೊರಬಲ್ಲದೆಂಬುದನ್ನು ಹತ್ತು ವರ್ಷಗಳ ಮೇಲೆ ಮತ್ತೊಮ್ಮೆ ಲೆಕ್ಕ ಹಾಕಿ ನೋಡುವ ಹೊಣೆ ಯಾರದು ಎಂಬ ಪ್ರಶ್ನೆಗಳು ಆ ಸಂಭ್ರಮದ ಗದ್ದಲದಲ್ಲಿ ಯಾರ ಬಾಯಿಂದಲೂ ಹೊರಡುವುದಿಲ್ಲ. ಇದು ಎಲ್ಲ ಬಗೆಯ ಕಟ್ಟಡಗಳಿಗೂ ಸಲ್ಲುವ ಮಾತೇ ಆದರೂ ತೂಗುಸೇತುವೆಯ ವಿಷಯದಲ್ಲಿ ಇದಕ್ಕೆ ವಿಶೇಷವಾದ ಅರ್ಥವುಂಟು. ಕಲ್ಲಿನ ಕಮಾನಿನ ಸೇತುವೆ ತನ್ನ ಭಾರದಿಂದಲೇ ತಾನು ಗಟ್ಟಿಯಾಗಿ ನಿಂತು ಶತಮಾನಗಳ ಅಲಕ್ಷ್ಯವನ್ನು ಸಹಿಸಿಕೊಳ್ಳಬಲ್ಲದು. ತೂಗುಸೇತುವೆಯಾದರೋ ಅಹರ್ನಿಶಿ ಎಳೆತದಲ್ಲಿರುವ ತಂತಿಗಳ ಮೇಲೆ ತನ್ನ ಪ್ರಾಣವನ್ನಿಟ್ಟುಕೊಂಡಿರುವ ರಚನೆ. ಅಂಥದನ್ನು ಕಟ್ಟುವುದರಷ್ಟೇ, ಒಂದು ದೃಷ್ಟಿಯಿಂದ ಅದಕ್ಕಿಂತಲೂ ಮಿಗಿಲಾಗಿ, ಅದನ್ನು ಕಾಯುವುದು ಕೂಡ ಎಂಜಿನಿಯರಿಂಗ್ ವಿದ್ಯೆಯೇ ಎಂಬ ನನ್ನ ಅಭಿಪ್ರಾಯಕ್ಕೆ ಜಪಾನ್ ದೇಶದ ಅಕಾಶಿ ಕೈಕ್ಯೊ ಸೇತುವೆಗಿಂತ ಪ್ರಬಲವಾದ ಸಾಕ್ಷ್ಯ ಇನ್ನೊಂದು ನನಗೆ ತೋರದು.

ಜಪಾನಿನ ಮುಖ್ಯದ್ವೀಪವಾದ ಹೊನ್ಶುವಿಗೂ ಅದರ ದಕ್ಷಿಣಕ್ಕಿರುವ ಅವಾಜಿ ದ್ವೀಪಕ್ಕೂ ನಡುವೆ, ಕೋಬೆ ನಗರದ ಪಶ್ಚಿಮದ ಅಂಚಿನಲ್ಲಿ, ಸುಮಾರು ನಾಲ್ಕು ಕಿಲೋಮೀಟರು ಅಗಲವಾದ ಅಕಾಶಿ ಎಂಬ ಜಲಸಂಧಿಯೊಂದಿದೆ. ಅದರ ಆಳ ಕೆಲವೆಡೆ 110 ಮೀಟರಿನಷ್ಟಾಗುತ್ತದೆ; ಉಬ್ಬರವಿಳಿತಗಳು ಹೊರಳುವ ವೇಳೆಯಲ್ಲಿ ಅಲ್ಲಿನ ನೀರು ಸೆಕೆಂಡಿಗೆ ನಾಲ್ಕು ಮೀಟರಿಗೂ ಮಿಕ್ಕ ವೇಗದಿಂದ ಹರಿಯುತ್ತದೆ; ಮಂಜು ಕವಿದ ದಿನಗಳು ಅಲ್ಲಿ ಅಪರೂಪವಲ್ಲ, ತುಫಾನುಗಳಂತೂ ವರ್ಷಂಪ್ರತಿಯ ಅತಿಥಿಗಳು. ಇಷ್ಟು ಉಗ್ರವಾದ ಈ ಜಲಮಾರ್ಗವೇ ಒಸಾಕಾ ಕೊಲ್ಲಿಯನ್ನೂ ಸೆಟೊ ಒಳಗಡಲನ್ನೂ ಕೂಡಿಸುವ ರಾಜಮಾರ್ಗವಾಗಿರುವುದರಿಂದ ದಿನವೊಂದಕ್ಕೆ ಸಾವಿರಕ್ಕೂ ಹೆಚ್ಚು ಹಡಗುಗಳು ಅದರಲ್ಲಿ ಸಾಗುತ್ತಿದ್ದುವು; ಅವುಗಳ ನಡುವೆಯೇ ಮೀನುಗಾರರ ದೋಣಿಗಳು, ಅವುಗಳ ನಡುವೆಯೇ ದ್ವೀಪದ ಜನರನ್ನು ದಡದಿಂದ ದಡಕ್ಕೆ ದಾಟಿಸುವ ಸಣ್ಣ ಹಡಗುಗಳು. ಯುದ್ಧ ಮುಗಿದು ನಾಲ್ಕು ತಿಂಗಳೂ ಆಗಿರದ 1945ರ ಡಿಸೆಂಬರ್ 9ರಂದು, ಮಿತಿಮೀರಿ ಜನ ತುಂಬಿದ್ದ ಸೆಕಿರೇಯ್ ಮಾರು ಎಂಬ ಅಂಥದೊಂದು ಹಡಗು ಈ ಜಲಸಂಧಿಯಲ್ಲಿ ಮುಳುಗಿ 304 ಮಂದಿ ಸತ್ತರು. ಹತ್ತು ವರ್ಷಗಳಾಗುವಷ್ಟರಲ್ಲಿ, 1955ರ ಮೇ 11ರಂದು, ಇದೇ ಒಳಗಡಲಿನ ಇನ್ನೊಂದು ಭಾಗದಲ್ಲಿ ಶಿಉನ್ ಮಾರು ಎಂಬ ಹಡಗು ಮಂಜಿನಲ್ಲಿ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ ಸತ್ತ 168 ಜನರಲ್ಲಿ ಬಹುಪಾಲು ಶಾಲೆಯಿಂದ ಪ್ರವಾಸ ಹೊರಟಿದ್ದ ಮಕ್ಕಳು. ದ್ವೀಪಗಳನ್ನು ಸೇತುವೆಗಳಿಂದ ಕೂಡಿಸಲೇಬೇಕೆಂಬ ಜನಾಭಿಪ್ರಾಯ ಗಟ್ಟಿಗೊಂಡದ್ದು ಆ ಮಕ್ಕಳ ಸಾವಿನ ಬಳಿಕ.

ಆದರೆ ಅಕಾಶಿ ಜಲಸಂಧಿಗೆ ಸೇತುವೆ ಎಂಬ ವಿಚಾರ ಅದಕ್ಕೂ ಹಿಂದಿನದು. 1949ರಿಂದ 1969ರವರೆಗೆ ಕೋಬೆ ನಗರದ ಮೇಯರಾಗಿದ್ದ ಹಾರಾಗುಚಿ ಚುಜಿರೊ ಎಂಬಾತನು ವೃತ್ತಿಯಿಂದ ಸಿವಿಲ್ ಎಂಜಿನಿಯರು. ಈ ನೀರಿನ ಮೇಲೆ ಸೇತುವೆ ಕಟ್ಟಬಹುದೆಂದು ಆತನು ಹೇಳಿದಾಗ ಅದನ್ನು ಹಗಲುಗನಸೆಂದು ಬಗೆದವರೇ ಹೆಚ್ಚು. ಎಂಜಿನಿಯರಾಗಿದ್ದು ಆಡಳಿತಗಾರನಾದವನ ಯೋಜನೆಗಳನ್ನು ಕಂಡು ನಗುವವರು ಎಲ್ಲ ದೇಶಗಳಲ್ಲಿಯೂ ಉಂಟು. ವಿಶ್ವೇಶ್ವರಯ್ಯನವರನ್ನು ಕಂಡ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಹಾರಾಗುಚಿ ತನ್ನ ಕನಸು ಕೈಗೂಡುವುದನ್ನು ಕಾಣದೆಯೇ 1976ರಲ್ಲಿ ತೀರಿಕೊಂಡನು. ಕಾಮಗಾರಿ ಮೊದಲಾದದ್ದು 1988ರಲ್ಲಿ. ಸೇತುವೆ ಸಂಚಾರಕ್ಕೆ ತೆರೆದದ್ದು 1998ರ ಏಪ್ರಿಲ್ 5ರಂದು. ಮೊದಲಿನ ಯೋಜನೆಯಲ್ಲಿ ರೈಲುಹಾದಿಯೂ ಸೇರಿತ್ತಾದರೂ 1985ರಲ್ಲಿ ಅದನ್ನು ಕೈಬಿಟ್ಟು ಆರು ಸಾಲಿನ ಹೆದ್ದಾರಿಯೊಂದಕ್ಕೇ ಸೇತುವೆಯನ್ನು ಮೀಸಲಾಗಿಟ್ಟರು.

ತೂಗುಸೇತುವೆಯನ್ನೇ ಏಕೆ ಆರಿಸಿಕೊಂಡರೆಂದರೆ, ನೀರಿನ ನಡುವೆ ಕಂಬಗಳನ್ನು ನೆಡುವಂತಿರಲಿಲ್ಲ. ಹಡಗುಗಳಿಗಾಗಿ ಒಂದೂವರೆ ಕಿಲೋಮೀಟರು ಅಗಲದ ದಾರಿಯನ್ನು ಬಯಲಾಗಿ ಬಿಡಬೇಕಾಗಿತ್ತು; ಅದರ ಆಚೆಗೂ ಈಚೆಗೂ ಒಂದೊಂದು ಗೋಪುರವನ್ನು ನಿಲ್ಲಿಸಿದರೆ ಅವುಗಳ ನಡುವಣ ಅಂತರ ಹೆಚ್ಚುಕಡಮೆ ಎರಡು ಕಿಲೋಮೀಟರಾಗುತ್ತಿತ್ತು. ಅಷ್ಟು ದೂರವನ್ನು ಒಂದೇ ನೆಗೆತದಲ್ಲಿ ದಾಟಬಲ್ಲ ರಚನೆ ಇಂದಿಗೂ ತೂಗುಸೇತುವೆಯೊಂದೇ. ಅದರ ತತ್ತ್ವ ಸರಳವಾದುದು. ಹಿತ್ತಿಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗವನ್ನು ನೋಡಿದವರೆಲ್ಲರಿಗೂ ಅದು ಗೊತ್ತು: ಹಗ್ಗವನ್ನು ಇಳಿಬಿಟ್ಟು ಕಟ್ಟಿದರೆ ಬಟ್ಟೆಯ ಭಾರವನ್ನು ಅದು ಸುಲಭವಾಗಿ ಹೊರುತ್ತದೆ, ನೆಟ್ಟಗೆ ಕಾಣಲೆಂದು ಬಿಗಿದು ಎಳೆದಷ್ಟೂ ಅದೇ ಭಾರಕ್ಕೆ ಹಗ್ಗದ ಮೇಲಣ ಎಳೆತ ಹೆಚ್ಚಿ, ಕೊನೆಗೆ ಹಗ್ಗವಾದರೂ ಹರಿಯಬೇಕು, ಗೂಟವಾದರೂ ಕಿತ್ತು ಬರಬೇಕು. ಸೇತುವೆಯಲ್ಲಿ ಆ ಹಗ್ಗ ಎರಡು ಗೋಪುರಗಳ ನೆತ್ತಿಯನ್ನು ಹಾದು ಇಳಿದು, ದಡಗಳಲ್ಲಿ ಕಾಂಕ್ರೀಟಿನ ಗುಡ್ಡದಂಥ ದಿಮ್ಮಿಗಳೊಳಗೆ ಬೇರೂರಿರುತ್ತದೆ. ಹಗ್ಗದಿಂದ ಜೋಲುಬಿಟ್ಟ ಸರಳುಗಳು ರಸ್ತೆಯನ್ನು ಎತ್ತಿ ಹಿಡಿದಿರುತ್ತವೆ. ಗೋಪುರಗಳ ಮೇಲೆ ಬೀಳುವುದು ಒತ್ತಡ, ಹಗ್ಗದ ಮೇಲೆ ಬೀಳುವುದು ಎಳೆತ. ಈ ಎರಡರ ಸಮತೋಲವೇ ಸೇತುವೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. 2025ರ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ತೆರೆದ, ಜನರು ಸಿಗಂದೂರು ಸೇತುವೆ ಎಂದು ಕರೆಯುವ, 2.44 ಕಿಲೋಮೀಟರು ಉದ್ದದ ಸೇತುವೆಯನ್ನು ಹಲವರು ತೂಗುಸೇತುವೆ ಎಂದೇ ಹೇಳುವುದುಂಟು. ಅದರ ಜಾತಿ ಬೇರೆ. ಅದರಲ್ಲಿ ಕೇಬಲ್ಲುಗಳು ಗೋಪುರದಿಂದ ನೇರವಾಗಿ, ಓರೆಯಾಗಿ ಬಂದು ರಸ್ತೆಯ ಹಲಗೆಯನ್ನು ಹಿಡಿಯುತ್ತವೆ. ದಡದಿಂದ ದಡಕ್ಕೆ ಇಳಿಬಿದ್ದ ಮಹಾರಜ್ಜುವಾಗಲಿ, ಅದನ್ನು ಹಿಡಿದಿಡುವ ದಿಮ್ಮಿಯಾಗಲಿ ಅದಕ್ಕೆ ಬೇಕಿಲ್ಲ. ಆದರೂ ಸೇತುವೆಯ ಮಹತ್ತ್ವವನ್ನು ಅರಿಯುವುದಕ್ಕೆ ನಮ್ಮವರಿಗೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ: ಲಿಂಗನಮಕ್ಕಿ ಅಣೆಕಟ್ಟಿನ ನೀರು ಸುತ್ತುವರಿದ ಮೇಲೆ ತಲೆಮಾರುಗಳ ಕಾಲ ಲಾಂಚಿನ ವೇಳೆಯನ್ನು ನಂಬಿ ಬದುಕಿದ ಆ ಕಡೆಯ ಜನರು, ಕೊನೆಯ ಲಾಂಚು ಹೊರಟುಹೋದ ಬಳಿಕ ಮನೆಯಲ್ಲಿ ಬಸುರಿಗೆ ಬೇನೆ ಬಂದರೆ ಏನು ಮಾಡಬೇಕಾಗುತ್ತಿತ್ತೆಂಬುದನ್ನು ಹೇಳಬಲ್ಲರು. ಅವಾಜಿಯವರ ಕಥೆಯೂ ಇದೇ.

ಈಗ ಅಕಾಶಿಗೆ ಹಿಂದಿರುಗೋಣ. ಗೋಪುರಗಳನ್ನು ನಿಲ್ಲಿಸಬೇಕಾದ ಜಾಗದಲ್ಲಿ ನೀರಿನಡಿಯ ನೆಲವನ್ನು ಅಗೆದು 60 ಮೀಟರಿನ ಆಳದಲ್ಲಿ ಸಮಮಾಡಬೇಕಾಗಿತ್ತು. ಅಷ್ಟು ಆಳದಲ್ಲಿ, ಆ ವೇಗದ ಪ್ರವಾಹದಲ್ಲಿ, ಮನುಷ್ಯರನ್ನು ಇಳಿಸಿ ಕೆಲಸ ಮಾಡಿಸುವಂತಿಲ್ಲ. ಆದ್ದರಿಂದ 80 ಮೀಟರು ವ್ಯಾಸ, 70 ಮೀಟರು ಎತ್ತರದ, ಇಮ್ಮಡಿ ಗೋಡೆಯ ಉಕ್ಕಿನ ಕೊಳವೆಯೊಂದನ್ನು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಸಿದ್ಧಪಡಿಸಿ, ಗೋಡೆಗಳ ನಡುವಣ ಟೊಳ್ಳಿನ ಬಲದಿಂದ ಅದನ್ನು ತೇಲಿಸಿಕೊಂಡು ತಂದು, ಟೊಳ್ಳಿಗೆ ನೀರನ್ನು ಬಿಟ್ಟು, ಗೊತ್ತಾದ ಸ್ಥಾನದಲ್ಲಿ ಮುಳುಗಿಸಿದರು. ಬಳಿಕ, ನೀರಿನಲ್ಲಿ ಸುರಿದರೂ ಕದಡಿಹೋಗದಂಥ ವಿಶೇಷವಾದ ಕಾಂಕ್ರೀಟನ್ನು ಅದರೊಳಗೆ ತುಂಬಿದರು. ಕೋಬೆಯ ಕಡೆಯ ದಡದಲ್ಲಿ ಹಗ್ಗದ ತುದಿಯನ್ನು ಹಿಡಿಯಬೇಕಾದ ದಿಮ್ಮಿಯ ತಳಪಾಯವೇ 85 ಮೀಟರು ವ್ಯಾಸದ್ದು, ಭೂಮಿಯೊಳಗೆ 63 ಮೀಟರಿಗೂ ಹೆಚ್ಚು ಇಳಿದದ್ದು. ಇವೆಲ್ಲ ಈಗ ಕಣ್ಣಿಗೆ ಕಾಣುವ ಭಾಗಗಳಲ್ಲ. ಪ್ರವಾಸಿಗಳು ಚಿತ್ರ ತೆಗೆದುಕೊಳ್ಳುವುದು ಸುಮಾರು 298 ಮೀಟರು ಎತ್ತರದ ಗೋಪುರಗಳದು.

ಸೇತುವೆಯ ಆತ್ಮವಿರುವುದು ಹಗ್ಗದಲ್ಲಿ. ಅಂತರ ಹೆಚ್ಚಿದಂತೆಲ್ಲ ಹಗ್ಗ ದಪ್ಪವಾಗಬೇಕು. ಹಗ್ಗ ದಪ್ಪವಾದಂತೆಲ್ಲ ಅದರ ಸ್ವಂತ ಭಾರ ಹೆಚ್ಚುತ್ತದೆ. ಹೀಗೆ ಒಂದು ಘಟ್ಟದಲ್ಲಿ ಹಗ್ಗ ತನ್ನನ್ನು ತಾನು ಹೊರುವುದರಲ್ಲಿಯೇ ತನ್ನ ಶಕ್ತಿಯನ್ನೆಲ್ಲ ವ್ಯಯಮಾಡಿ, ದಾರಿಹೋಕನ ಪಾಲಿಗೆ ಏನನ್ನೂ ಉಳಿಸದ ಸ್ಥಿತಿಗೆ ಬರುತ್ತದೆ. ಅಂದಿನವರೆಗೆ ರೂಢಿಯಲ್ಲಿದ್ದ ತಂತಿಯನ್ನೇ ಬಳಸಿದ್ದರೆ ಅಕಾಶಿ ಸೇತುವೆಗೆ ಪ್ರತಿಯೊಂದು ಪಕ್ಕಕ್ಕೂ ಎರಡೆರಡರಂತೆ ನಾಲ್ಕು ಮಹಾರಜ್ಜುಗಳು ಬೇಕಾಗುತ್ತಿದ್ದುವು. ಜಪಾನಿನ ಉಕ್ಕಿನ ಕಾರ್ಖಾನೆಗಳು ಚದರ ಮಿಲಿಮೀಟರಿಗೆ 180 ಕಿಲೋಗ್ರಾಂ ಭಾರದ ಎಳೆತವನ್ನು ತಡೆಯಬಲ್ಲ ಹೊಸ ತಂತಿಯನ್ನು ಸಿದ್ಧಪಡಿಸಿದುದರಿಂದ ಎರಡೇ ಸಾಕಾದುವು. ಆ ತಂತಿಯ ದಪ್ಪ 5.23 ಮಿಲಿಮೀಟರು, ಎಂದರೆ ಸಾಮಾನ್ಯವಾದ ಪೆನ್ಸಿಲಿಗಿಂತಲೂ ಕಡಮೆ. ಅಂಥ 127 ತಂತಿಗಳನ್ನು ಸೇರಿಸಿ ಒಂದು ಎಳೆ. ಅಂಥ 290 ಎಳೆಗಳನ್ನು ಸೇರಿಸಿ ಒಂದು ಮಹಾರಜ್ಜು. ಹಾಗೆ ಒಂದೊಂದರಲ್ಲಿಯೂ 36,830 ತಂತಿಗಳು, ಒಂದೊಂದರ ವ್ಯಾಸವೂ ಒಂದು ಮೀಟರಿಗಿಂತ ತುಸು ಹೆಚ್ಚು. ಎರಡರ ತಂತಿಗಳನ್ನೂ ಬಿಡಿಸಿ ಒಂದೇ ಸಾಲಾಗಿ ಹಿಡಿದರೆ ಸುಮಾರು ಮೂರು ಲಕ್ಷ ಕಿಲೋಮೀಟರಾಗುತ್ತವೆ. ಇಷ್ಟೆಲ್ಲಕ್ಕೂ ಮೊದಲಾದ ಎಳೆ, ಬೆರಳಿನ ಗಾತ್ರದ ಒಂದು ಕೃತಕನಾರಿನ ಹಗ್ಗ. ಹಿಂದಿನ ಪದ್ಧತಿಯಂತೆ ಅದನ್ನು ದೋಣಿಯಿಂದ ಎಳೆದೊಯ್ದರೆ ಹಡಗುಗಳ ದಾರಿಯನ್ನು ಮುಚ್ಚಬೇಕಾಗುತ್ತಿತ್ತಾದುದರಿಂದ 1993ರ ನವೆಂಬರಿನಲ್ಲಿ ಅದನ್ನು ಹೆಲಿಕಾಪ್ಟರಿನ ಮೂಲಕ ದಡದಿಂದ ದಡಕ್ಕೆ ಕೊಂಡೊಯ್ದರು. ಆ ಹಗ್ಗ ಇನ್ನೊಂದು ಹಗ್ಗವನ್ನು ಎಳೆಯಿತು, ಅದು ಮತ್ತೊಂದನ್ನು.

ಗಾಳಿಯ ಮಾತಿಗೆ ಬಂದರೆ, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಟಕೋಮಾ ನ್ಯಾರೋಸ್ ಸೇತುವೆಯನ್ನು ನೆನೆಯದೆ ಮುಂದಕ್ಕೆ ಹೋಗುವಂತಿಲ್ಲ. 1940ರ ಜುಲೈ 1ರಂದು ತೆರೆದ ಆ ಸೇತುವೆಯ ಗೋಪುರಗಳ ನಡುವಣ ಅಂತರ 853 ಮೀಟರು. ರಸ್ತೆಯ ಪಕ್ಕದ ಉಕ್ಕಿನ ತೊಲೆಗಳ ಎತ್ತರವಾದರೋ ಬರಿಯ 2.4 ಮೀಟರು. ತೆಳುವಾಗಿಯೂ ಹಗುರವಾಗಿಯೂ ಇರುವುದೇ ಸೌಂದರ್ಯವೆಂದು ಅಂದಿನ ಶ್ರೇಷ್ಠ ತಜ್ಞರಲ್ಲಿ ಒಬ್ಬನಾದ ಲಿಯಾನ್ ಮೊಯಿಸೀಫನು ನಂಬಿದ್ದನು. ಲೆಕ್ಕದಲ್ಲಿ ಅವನ ಸೇತುವೆ ಗಾಳಿಯ ಸ್ಥಿರವಾದ ಒತ್ತಡವನ್ನು ಧಾರಾಳವಾಗಿ ತಡೆಯುತ್ತಿತ್ತು. ಬೀಸುವ ಗಾಳಿ ಸೇತುವೆಯನ್ನು ತಳ್ಳುವುದಷ್ಟೇ ಅಲ್ಲ, ಸೇತುವೆಯ ಹೊರಳಾಟದಿಂದಲೇ ಹೊಸ ಬಲವನ್ನು ಪಡೆದು ಆ ಹೊರಳಾಟವನ್ನು ಮತ್ತಷ್ಟು ಹೆಚ್ಚಿಸಬಲ್ಲದೆಂಬುದು ಲೆಕ್ಕದೊಳಗೆ ಬಂದಿರಲಿಲ್ಲ. ನವೆಂಬರ್ 7ರ ಬೆಳಿಗ್ಗೆ, ಗಂಟೆಗೆ 70 ಕಿಲೋಮೀಟರನ್ನೂ ಮುಟ್ಟದ ಗಾಳಿಗೆ, ಆ ರಸ್ತೆ ತಿರುಚಿ ತಿರುಚಿ ಹರಿದು ನೀರಿಗೆ ಬಿತ್ತು. ಮನುಷ್ಯರಾರೂ ಸಾಯಲಿಲ್ಲ, ಕಾರಿನೊಳಗೆ ಉಳಿದುಹೋದ ನಾಯಿಯೊಂದು ಸತ್ತಿತು. ಅದರ ಚಲಚ್ಚಿತ್ರವನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ತೋರಿಸುತ್ತಾರೆ. ಅಕಾಶಿಯ ಕರ್ತೃಗಳು ಆ ಪಾಠವನ್ನು ಅಕ್ಷರಶಃ ಕಲಿತು, ರಸ್ತೆಯ ಕೆಳಗೆ 14 ಮೀಟರು ಎತ್ತರದ, ಗಾಳಿ ಒಳಹೊಕ್ಕು ಹೊರಹೋಗುವಂಥ ಉಕ್ಕಿನ ಜಾಲಕಟ್ಟನ್ನು ಇರಿಸಿದರು. ಸೇತುವೆಯ ನೂರರಲ್ಲೊಂದು ಪಾಲಿನ ಮಾದರಿಯನ್ನು, ಎಂದರೆ 40 ಮೀಟರು ಉದ್ದದ ಆಟಿಕೆಯನ್ನು ಮಾಡಿ, ಅದು ಹಿಡಿಸುವಷ್ಟು ದೊಡ್ಡ ಗಾಳಿಸುರಂಗವನ್ನು ಅದಕ್ಕಾಗಿಯೇ ಕಟ್ಟಿಸಿ, ಸೆಕೆಂಡಿಗೆ 80 ಮೀಟರಿನ ಬಿರುಗಾಳಿಯವರೆಗೆ ಸೇತುವೆ ಹೇಗೆ ವರ್ತಿಸುತ್ತದೆಂಬುದನ್ನು ನೋಡಿಕೊಂಡರು.

ನೆಲನಡುಕ ಮಾತ್ರ ಪರೀಕ್ಷೆಗೆಂದು ಕಾದು ಕೂರಲಿಲ್ಲ. ಗೋಪುರಗಳು ಎದ್ದು ನಿಂತು, ಮಹಾರಜ್ಜುಗಳೂ ಸಿದ್ಧವಾಗಿ, ರಸ್ತೆಯನ್ನು ತೂಗುಹಾಕುವುದೊಂದೇ ಬಾಕಿಯಿದ್ದ ಹೊತ್ತಿನಲ್ಲಿ, 1995ರ ಜನವರಿ 17ರ ಮುಂಜಾವಿನಲ್ಲಿ, ಸೇತುವೆಯ ಸಮೀಪದಲ್ಲಿಯೇ ಹುಟ್ಟಿದ ಭೂಕಂಪ ಕೋಬೆ ನಗರದ ಎಷ್ಟೋ ಭಾಗವನ್ನು ನೆಲಸಮ ಮಾಡಿತು. ಆರು ಸಾವಿರಕ್ಕೂ ಹೆಚ್ಚು ಜನರು ಪ್ರಾಣವನ್ನು ಕಳೆದುಕೊಂಡರು. ಅಂದು ನಗರದ ಹೆದ್ದಾರಿಯೊಂದು ಕಂಬಗಳ ಸಹಿತ ಮಗ್ಗುಲಿಗೆ ಮಲಗಿಬಿಟ್ಟಿತು. ಸೇತುವೆಯ ತಳಪಾಯಗಳ ಕೆಳಗಣ ನೆಲವೇ ಸರಿದುದರಿಂದ, 1990 ಮೀಟರೆಂದು ನಿಶ್ಚಯಿಸಿದ್ದ ಗೋಪುರಗಳ ಅಂತರ 1991 ಮೀಟರಿಗೆ ಹಿಗ್ಗಿತು. ಎಂಜಿನಿಯರುಗಳು ಹಾನಿಯೊಂದೂ ಇಲ್ಲವೆಂಬುದನ್ನು ನಿಶ್ಚಯಿಸಿಕೊಂಡು, ಇನ್ನೂ ತಯಾರಾಗದಿದ್ದ ರಸ್ತೆಯ ಭಾಗಗಳ ಅಳತೆಯನ್ನು ತಿದ್ದಿ, ಕೆಲಸವನ್ನು ಮುಂದುವರಿಸಿದರು. ದಾಖಲೆಯ ಪುಸ್ತಕಗಳಲ್ಲಿ ಜಗತ್ತಿನ ಅತಿ ಉದ್ದದ ತೂಗುಸೇತುವೆಯೆಂದು ಇಪ್ಪತ್ತನಾಲ್ಕು ವರ್ಷ ಮೆರೆದ ಆ ಅಂತರದ ಕೊನೆಯ ಮೀಟರು, ಹೀಗೆ, ಮನುಷ್ಯನು ಕೊಟ್ಟದ್ದಲ್ಲ. 2022ರ ಮಾರ್ಚಿನಲ್ಲಿ ತುರ್ಕಿಯ ಚನಕ್ಕಲೆಯಲ್ಲಿ ತೆರೆದ ಸೇತುವೆ ಅದನ್ನು ಹಿಂದೆ ಹಾಕಿತು. ಗಣರಾಜ್ಯದ ನೂರನೆಯ ವರ್ಷವಾದ 2023ರ ನೆನಪಿಗೆಂದು ಅದರ ಅಂತರವನ್ನು 2023 ಮೀಟರಿಗೆ ನಿಗದಿಮಾಡಿದರಂತೆ. ಉದ್ದವೆಂಬುದು ಎಷ್ಟು ಹುಡುಗಾಟಿಕೆಯ ಮಾನದಂಡವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ನನಗೆ ಬೇಡ.

ಸೇತುವೆಯಿಂದಾದ ಪ್ರಯೋಜನವನ್ನು ವರ್ಣಿಸುವುದು ಸುಲಭ. 1985ರಲ್ಲಿಯೇ ತೆರೆದಿದ್ದ ಓನಾರುತೊ ಸೇತುವೆಯೊಡನೆ ಸೇರಿ ಅದು ಶಿಕೊಕು ದ್ವೀಪವನ್ನು ಅವಾಜಿಯ ಮೂಲಕ ಹೊನ್ಶುವಿಗೆ ನೆಲದ ದಾರಿಯಿಂದ ಕೂಡಿಸಿತು, ಅವಾಜಿಯ ಈರುಳ್ಳಿ ಕೋಬೆ ಒಸಾಕಾಗಳ ಪೇಟೆಗೆ ಹಡಗನ್ನು ಕಾಯದೆ ಹೋಗುವಂತಾಯಿತು. ಆದರೆ ದಾರಿ ಎರಡು ಕಡೆಗೂ ತೆರೆದಿರುತ್ತದೆ. ಶಿಕೊಕುವಿನ ಟೊಕುಶಿಮಾ ಪಟ್ಟಣದವರು ಬೆಲೆಬಾಳುವ ಸಾಮಾನು ಕೊಳ್ಳಲು ಬಸ್ಸು ಹತ್ತಿ ಒಸಾಕಾ ಕಡೆಗೆ ಹೋಗತೊಡಗಿದರು. ಆ ಪಟ್ಟಣದ ದೊಡ್ಡ ಮಳಿಗೆ 2020ರಲ್ಲಿ ಬಾಗಿಲು ಹಾಕಿಕೊಂಡಿತು. ಅದಕ್ಕೆ ಸೇತುವೆಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಸೇತುವೆಗೆ ಅದರಲ್ಲಿ ಪಾಲೇ ಇಲ್ಲವೆಂದರೂ ಅನ್ಯಾಯವೇ. ಇನ್ನೊಂದು ವಿನೋದವೆಂದರೆ, ಸೇತುವೆಯ ಮೇಲೆ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಪ್ರವೇಶವಿಲ್ಲದುದರಿಂದ ಅವರನ್ನು ದಾಟಿಸುವ ಪುಟ್ಟ ದೋಣಿ ಆ ಬೃಹತ್ ರಚನೆಯ ನೆರಳಿನಲ್ಲಿ ಈಗಲೂ ಓಡಾಡುತ್ತದೆ. ಬಡವನ ಸಂಚಾರವನ್ನು ನೆನಪಿನಲ್ಲಿಟ್ಟುಕೊಳ್ಳುವುದು ದೊಡ್ಡ ಯೋಜನೆಗಳಿಗೆ ಎಲ್ಲಿಯೂ ಸುಲಭವಲ್ಲವೆಂದು ತೋರುತ್ತದೆ.

ನಾನು ಹೇಳಬೇಕೆಂದು ಹೊರಟದ್ದು ಇನ್ನು ಮುಂದಿನದು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಕಟ್ಟುತ್ತಿದ್ದ ಕಾಲದಲ್ಲಿ, ತಂತಿಯ ಗುತ್ತಿಗೆದಾರನು ಪರೀಕ್ಷೆಯಲ್ಲಿ ತೇರ್ಗಡೆಯಾದ ತಂತಿಯನ್ನು ತೋರಿಸಿ ಕೀಳು ತಂತಿಯನ್ನು ಸರಬರಾಜು ಮಾಡುತ್ತಿದ್ದ ಮೋಸ ಬಯಲಾಯಿತು. ಆಗಲೇ ಹಗ್ಗಕ್ಕೆ ಸೇರಿಹೋಗಿದ್ದ ಕೆಟ್ಟ ತಂತಿಗಳನ್ನು ಹೊರತೆಗೆಯುವ ಮಾರ್ಗವಿರಲಿಲ್ಲ. ಆದರೆ ಬೇಕಾದುದಕ್ಕಿಂತ ಆರು ಪಟ್ಟು ಬಲವಿರುವಂತೆ ಹಗ್ಗವನ್ನು ಯೋಜಿಸಿದ್ದುದರಿಂದ, ಕೆಟ್ಟ ತಂತಿಗಳನ್ನು ಗಣನೆಗೆ ತಂದುಕೊಂಡರೂ ಐದು ಪಟ್ಟಾದರೂ ಉಳಿಯುತ್ತದೆಂದು ಲೆಕ್ಕ ಹಾಕಿ, ಅದರ ಮುಖ್ಯ ಎಂಜಿನಿಯರಾದ ವಾಷಿಂಗ್ಟನ್ ರೋಬ್ಲಿಂಗನು ಒಂದೊಂದು ಹಗ್ಗಕ್ಕೂ 150 ತಂತಿಗಳನ್ನು ಹೆಚ್ಚಾಗಿ ಸೇರಿಸಿ ಕೆಲಸವನ್ನು ಪೂರೈಸಿದನು. 1883ರಲ್ಲಿ ತೆರೆದ ಆ ಸೇತುವೆ ಆ ಕೆಟ್ಟ ತಂತಿಗಳ ಸಹಿತ ಇಂದಿಗೂ ನಿಂತಿದೆ. ಅಕಾಶಿಯಲ್ಲಾದರೋ ಈ ಹೆಚ್ಚುವರಿ ಬಲ 2.2 ಪಟ್ಟು ಮಾತ್ರ. ಇದು ಅಜಾಗರೂಕತೆಯಲ್ಲ, ಉಕ್ಕಿನ ಗುಣವೂ ಭಾರದ ಲೆಕ್ಕವೂ ನಿಖರವಾಗಿ ತಿಳಿದಂತೆಲ್ಲ ಅಜ್ಞಾನಕ್ಕೆಂದು ಕಾದಿರಿಸುವ ಭಾಗ ಕಡಮೆಯಾಗುವುದು ಸಹಜ, ಹಗ್ಗದ ಸ್ವಂತ ಭಾರವೇ ಪ್ರಧಾನವಾದ ಇಂಥ ಉದ್ದದ ಸೇತುವೆಯಲ್ಲಿ ಅದು ಅನಿವಾರ್ಯವೂ ಹೌದು. ಆದರೆ ಇದರ ಫಲಿತಾರ್ಥವನ್ನು ನಮ್ಮವರು ಗಮನಿಸುವುದಿಲ್ಲ: ಹಳೆಯ ಸೇತುವೆ ತನ್ನ ಅತಿಶಯವಾದ ಬಲದಿಂದ ನಮ್ಮ ಉದಾಸೀನವನ್ನು ಕ್ಷಮಿಸುತ್ತಿತ್ತು, ಹೊಸ ಸೇತುವೆಯಲ್ಲಿ ಆ ಕ್ಷಮೆಗೆ ಅವಕಾಶ ಕಡಮೆ. ವಿದ್ಯೆ ಮುಂದುವರಿದಂತೆ ಕಾವಲು ಹೆಚ್ಚಬೇಕೇ ಹೊರತು ಸಡಿಲವಾಗಕೂಡದು.

ಜಪಾನೀಯರು ಇದನ್ನು ಅರಿತಿದ್ದರೆಂಬುದಕ್ಕೆ ಸಾಕ್ಷಿಯಿದೆ. ತೂಗುಸೇತುವೆಯ ಹಗ್ಗವನ್ನು ಕೆಮ್ಮಣ್ಣಿನಂಥ ಲೇಪನ ಬಳಿದು ತಂತಿ ಸುತ್ತಿ ಬಣ್ಣ ಹಚ್ಚಿಬಿಟ್ಟರೆ ನೀರು ಒಳಹೋಗದೆಂದು ನೂರು ವರ್ಷಗಳ ನಂಬಿಕೆಯಿತ್ತು. 1983ರಲ್ಲಿ ತೆರೆದಿದ್ದ ತಮ್ಮದೇ ಆದ ಇನ್ನೊಶಿಮಾ ಸೇತುವೆಯ ಹಗ್ಗವನ್ನು ಅವರು ಕೆಲವು ವರ್ಷಗಳ ಮೇಲೆ ಬಿಚ್ಚಿ ನೋಡಿದಾಗ ಒಳಗೆ ತೇವವೂ ತುಕ್ಕೂ ಕಂಡುವು. ಅದನ್ನು ಮುಚ್ಚಿಡದೆ, ಅದರಿಂದಲೇ ಹೊಸ ಉಪಾಯವನ್ನು ಹೊಸೆದು, ಅಕಾಶಿಯ ಮಹಾರಜ್ಜುಗಳಿಗೆ ರಬ್ಬರಿನ ಹೊದಿಕೆಯನ್ನು ಸುತ್ತಿ, ತಂತಿಗಳ ನಡುವಣ ಸಂದುಗಳಲ್ಲಿ ತೇವ ತೆಗೆದ ಒಣಗಾಳಿಯನ್ನು ಯಂತ್ರಗಳಿಂದ ಸತತವಾಗಿ ಊದುವ ಏರ್ಪಾಡನ್ನು ಮಾಡಿದರು. ಎಲ್ಲಿ ತೇವವಿಲ್ಲವೋ ಅಲ್ಲಿ ತುಕ್ಕಿಲ್ಲ. ಆ ಉಪಾಯ ಅಲ್ಲಿಂದ ಇತರ ದೇಶಗಳಿಗೂ ಹರಡಿತು. ಸ್ಕಾಟ್ಲೆಂಡಿನಲ್ಲಿ 1964ರಲ್ಲಿ ತೆರೆದ ಫೋರ್ತ್ ರಸ್ತೆ ಸೇತುವೆಯ ಹಗ್ಗವನ್ನು ನಾಲ್ವತ್ತು ವರ್ಷಗಳ ಬಳಿಕ ಬಿಚ್ಚಿದಾಗ ಅದರ ಬಲ ನೂರಕ್ಕೆ ಎಂಟರಿಂದ ಹತ್ತರಷ್ಟು ಕುಂದಿದೆಯೆಂದು ತಿಳಿದುಬಂದು, ಅದಕ್ಕೂ ಒಣಗಾಳಿಯ ಚಿಕಿತ್ಸೆ ನಡೆಯಿತು. ಅದರ ಪಕ್ಕದಲ್ಲಿ 2017ರಲ್ಲಿ ಇನ್ನೊಂದು ಸೇತುವೆಯನ್ನೇ ಕಟ್ಟಿಬಿಟ್ಟರು. ಅಕಾಶಿ ಸೇತುವೆಯನ್ನು ನೋಡಿಕೊಳ್ಳುವ ಸಂಸ್ಥೆ ತನ್ನ ಸೇತುವೆಗಳು 200 ವರ್ಷಗಳಿಗೂ ಮಿಕ್ಕು ಬಾಳತಕ್ಕವೆಂಬ ಗುರಿಯನ್ನು ಇಟ್ಟುಕೊಂಡು, ಗೋಪುರಗಳ ಮೈಗೆ ಕಾಂತಚಕ್ರಗಳಿಂದ ಅಂಟಿಕೊಂಡು ಹತ್ತುವ ತೊಟ್ಟಿಲುಗಳನ್ನು ಕೂಡ ತಪಾಸಣೆಗಾಗಿ ನಿರ್ಮಿಸಿಕೊಂಡಿದೆ. ಈ ಕೆಲಸವನ್ನು ಮಾಡುವವರ ಹೆಸರು ಯಾವ ಶಿಲಾಫಲಕದಲ್ಲಿಯೂ ಕಾಣದು.

ಇದಕ್ಕೆ ವಿರುದ್ಧವಾದ ಮಾರ್ಗ ಎಲ್ಲಿಗೆ ಒಯ್ಯುತ್ತದೆಂಬುದೂ ತಿಳಿದ ವಿಷಯವೇ. ಅಮೆರಿಕದ ಓಹಾಯೊ ನದಿಯ ಮೇಲೆ 1928ರಲ್ಲಿ ಕಟ್ಟಿದ್ದ ಸಿಲ್ವರ್ ಸೇತುವೆಯಲ್ಲಿ ಹಗ್ಗದ ಬದಲು ಉಕ್ಕಿನ ಕೊಂಡಿಗಳ ಸರಪಣಿಯಿತ್ತು. 1967ರ ಡಿಸೆಂಬರ್ 15ರ ಸಂಜೆ ಅದರ ಒಂದು ಕೊಂಡಿಯೊಳಗಣ ಕೂದಲಿನಂಥ ಬಿರುಕಿನಿಂದ ಸೇತುವೆಯೆಲ್ಲ ಕುಸಿದು 46 ಮಂದಿ ಸತ್ತರು, ಆ ಬಳಿಕವೇ ಆ ದೇಶದಲ್ಲಿ ಸೇತುವೆಗಳ ನಿಯತ ತಪಾಸಣೆ ಕಾನೂನಾಯಿತು. ನಮ್ಮ ದೇಶದಲ್ಲಿ, ಗುಜರಾತಿನ ಮೋರ್ಬಿ ಪಟ್ಟಣದ ಮಚ್ಛು ನದಿಯ ಮೇಲೆ, ಹತ್ತೊಂಬತ್ತನೆಯ ಶತಮಾನದ ತೂಗುಸೇತುವೆಯೊಂದನ್ನು ದುರಸ್ತಿಗೆಂದು ಮುಚ್ಚಿ, 2022ರ ಅಕ್ಟೋಬರ್ 26ರಂದು ಮತ್ತೆ ಜನರಿಗೆ ತೆರೆದರು. ನಾಲ್ಕು ದಿನಗಳ ಮೇಲೆ, ಅಕ್ಟೋಬರ್ 30ರ ಸಂಜೆ, ಅದು ಹರಿದುಬಿದ್ದು 135 ಜನರು, ಅವರಲ್ಲಿ ಎಷ್ಟೋ ಮಕ್ಕಳು, ಪ್ರಾಣ ಬಿಟ್ಟರು. ತುಂಡಾದ ಹಗ್ಗದ 49 ತಂತಿಗಳಲ್ಲಿ 22 ತಂತಿಗಳು ತುಕ್ಕು ಹಿಡಿದು ಅದಕ್ಕೂ ಮೊದಲೇ ಕಡಿದುಹೋಗಿದ್ದಿರಬೇಕೆಂದೂ, ಹಳೆಯ ಜೋಲುಸರಳುಗಳನ್ನು ಬದಲಿಸುವುದರ ಬದಲು ಹೊಸ ತುಂಡುಗಳನ್ನು ಬೆಸುಗೆ ಹಾಕಿದ್ದರೆಂದೂ, ಮರದ ಹಲಗೆಗಳನ್ನು ತೆಗೆದು ಅಲ್ಯೂಮಿನಿಯಂ ಹಲಗೆಗಳನ್ನು ಹೊದಿಸಿದ್ದರೆಂದೂ ವಿಶೇಷ ತನಿಖಾ ತಂಡ ವರದಿ ಮಾಡಿತು. ಎಂದರೆ ಕಣ್ಣಿಗೆ ಕಾಣುವ ನೆಲವನ್ನು ಹೊಸದು ಮಾಡಿದರು. ಭಾರವನ್ನು ಹೊರುವ ಹಗ್ಗವನ್ನು ಹಳೆಯದಾಗಿಯೇ ಬಿಟ್ಟರು. ಉಡುಗೊರೆಯ ಹೊದಿಕೆಯನ್ನು ಬದಲಿಸಿ ಹಬ್ಬದ ದಿನ ಟಿಕೇಟು ಮಾರಿದ ಈ ದುರಸ್ತಿಯನ್ನು ಅಪಘಾತವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿ ಹೊಳೆಗೆ ಅರಂಬೂರಿನಲ್ಲಿ ಕಾಲ್ನಡಿಗೆಯ ತೂಗುಸೇತುವೆಯನ್ನು ಕಟ್ಟಿದಂದಿನಿಂದ, ಅವರೊಬ್ಬರ ಕೈಯಿಂದಲೇ ಇಂಥ ನೂರಕ್ಕೂ ಮಿಕ್ಕ ಸೇತುವೆಗಳು ಈ ರಾಜ್ಯದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಎದ್ದು, ಮಳೆಗಾಲದ ನಾಲ್ಕು ತಿಂಗಳು ಶಾಲೆಯ ಮುಖ ಕಾಣದಿದ್ದ ಮಕ್ಕಳು ಶಾಲೆಗೆ ಹೋಗುವಂತಾಯಿತು. 2017ರಲ್ಲಿ ಅವರಿಗೆ ಸಂದ ಪದ್ಮಶ್ರೀ ಗೌರವ ಯೋಗ್ಯರಿಗೇ ಸಂದ ಗೌರವ. ಗೋಕಾಕದ ಜಲಪಾತದ ಬಳಿಯದು, ಉಡುಪಿಯ ಕೆಮ್ಮಣ್ಣಿನದು, ಕುಶಾಲನಗರದ ನಿಸರ್ಗಧಾಮದ್ದು, ಹೀಗೆ ಪ್ರವಾಸಿಗಳು ಮುತ್ತುವ ತೂಗುಸೇತುವೆಗಳು ಬೇರೆ. ಅಕಾಶಿಯ ಮುಂದೆ ಇವು ಅಣುಮಾತ್ರದವು. ಆದರೆ ಇವುಗಳ ಹಗ್ಗಕ್ಕೂ ಎಳೆತದ ನಿಯಮ ಅದೇ, ಕರಾವಳಿಯ ಉಪ್ಪುಗಾಳಿಗೂ ಮಲೆನಾಡಿನ ಮಳೆಗೂ ತುಕ್ಕಿನ ನಿಯಮ ಅದೇ. ಒಣಗಾಳಿಯ ಯಂತ್ರಗಳನ್ನು ಇವುಗಳಿಗೆ ಯಾರೂ ಕೇಳುತ್ತಿಲ್ಲ. ಪ್ರತಿಯೊಂದು ಸೇತುವೆಯ ತಲೆಯಲ್ಲಿಯೂ ಒಮ್ಮೆಗೆ ಎಷ್ಟು ಜನ ನಡೆಯಬಹುದು, ಹಗ್ಗವನ್ನೂ ಅದರ ಬೇರನ್ನೂ ಯಾವ ದಿನ ಪರೀಕ್ಷಿಸಿದರು, ಪರೀಕ್ಷಿಸಿದವರು ಯಾರು, ಮುಂದಿನ ಪರೀಕ್ಷೆ ಯಾವಾಗ ಎಂಬ ನಾಲ್ಕು ಸಾಲುಗಳ ಫಲಕವಿರಲಿ. ಕಟ್ಟುವ ಹಣವನ್ನು ಮಂಜೂರು ಮಾಡುವ ಆಜ್ಞೆಯಲ್ಲಿಯೇ ಕಾಯುವ ಹಣವನ್ನೂ ವರ್ಷವರ್ಷಕ್ಕೆ ಇಂತಿಷ್ಟೆಂದು ನಿಗದಿಮಾಡಲಿ. ಪ್ರತಿ ಮಳೆಗಾಲ ಮುಗಿದೊಡನೆ ಎಂಜಿನಿಯರೊಬ್ಬನು ಹಗ್ಗ ನೆಲವನ್ನು ಹೊಕ್ಕ ಜಾಗದವರೆಗೂ ಇಳಿದು ನೋಡಲಿ. ಸೇತುವೆಯ ನಡುವೆ ನಿಂತು ಮೋಜಿಗೆಂದು ಅದನ್ನು ಕುಲುಕಾಡಿಸುವ ತರುಣರನ್ನು ಹಿರಿಯರು ಗದರಿಸಲಿ. ಇವುಗಳಲ್ಲಿ ಯಾವುದಕ್ಕೂ ಜಪಾನಿನ ಸಂಪತ್ತು ಬೇಕಾದುದಿಲ್ಲ. ತಮ್ಮ ಊರಿನಲ್ಲಿ ತೂಗುಸೇತುವೆಯಿರುವ ಓದುಗರು ಮುಂದಿನ ಗ್ರಾಮಸಭೆಗೆ ಹೋದಾಗ, ಅದರ ಹಗ್ಗವನ್ನು ಕೊನೆಯ ಸಲ ಪರೀಕ್ಷಿಸಿದ ತಾರೀಖು ಯಾವುದೆಂದು ಎದ್ದು ನಿಂತು ಕೇಳಬೇಕು. ಉತ್ತರ ಬಾರದಿದ್ದರೆ, ಅದು ಬರುವವರೆಗೂ ಕೇಳಬೇಕು.